ಟೈಟಲ್ ಒನ್ ಪತ್ರ ಬಂದರೆ ಗಾಬರಿ ಬೇಡ

ಎಲ್ಲರಿಗೂ ನಮಸ್ಕಾರ. ಸ್ಕೂಲು ಶುರುವಾಗುವ ಮುಂಚೆ ಈ ವಿಷಯ ಮಾತಾಡಿ ಎಂದು ಕನ್ನಡ ಕೂಟದವರು ಕೇಳಿದಾಗ ನನಗೆ ನಿಜವಾಗಲೂ ಖುಷಿಯಾಯಿತು. ನಾನು ಇಲ್ಲಿನ ಒಂದು ಎಲಿಮೆಂಟರಿ ಸ್ಕೂಲಿನಲ್ಲಿ, ಓದುವುದರಲ್ಲಿ ಹಿಂದೆ ಉಳಿದ ಮಕ್ಕಳಿಗೆ ಪಾಠ ಮಾಡುವ ಟೀಚರ್. ನನ್ನ ಸಂಬಳದ ಒಂದು ಪಾಲು ಟೈಟಲ್ ಒನ್ ಹಣದಿಂದ ಬರುತ್ತದೆ. ಅದು ಕಡಿಮೆ ಆದಾಯದ ಮನೆಗಳ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಅಮೆರಿಕದ ಕೇಂದ್ರ ಸರ್ಕಾರ ಕೊಡುವ ಹಣ.

ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಕೆಲವು ಮಕ್ಕಳ ಬ್ಯಾಗಿನಲ್ಲಿ ಒಂದು ಪತ್ರ ಮನೆಗೆ ಬರುತ್ತದೆ. ನಿಮ್ಮ ಮಗುವನ್ನು ಓದಿನ ಹೆಚ್ಚುವರಿ ನೆರವಿಗೆ ಆರಿಸಿದ್ದೇವೆ ಎಂದು ಅದರಲ್ಲಿ ಬರೆದಿರುತ್ತದೆ. ಅದನ್ನು ಓದಿದ ಕೂಡಲೇ ನಮ್ಮವರಿಗೆ ಮುಖ ಸಣ್ಣದಾಗುತ್ತದೆ. "ನಮ್ಮ ಮಗು ದಡ್ಡ ಅಂತಾನಾ?" ಎಂದು ಕೇಳುತ್ತಾರೆ. "ಇದು ಬಡವರಿಗೆ ಕೊಡೋದು ಅಲ್ವಾ? ನಮಗ್ಯಾಕೆ?" ಎಂದು ಕೇಳುವವರೂ ಇದ್ದಾರೆ. ಬೇಡ ಎಂದು ಸಹಿ ಹಾಕಿ ಕಳಿಸಿ, ಸಂಜೆ ದುಡ್ಡು ಕೊಟ್ಟು ಟ್ಯೂಷನ್‌ಗೆ ಸೇರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇವತ್ತು ನಾನು ಮುಖ್ಯವಾಗಿ ಹೇಳಬೇಕಾದದ್ದು ಇದೇ.

ಈ ಹಣ ಎಲ್ಲಿಂದ ಬಂತು ಎಂದು ಮೊದಲು ಹೇಳುತ್ತೇನೆ. 1965ರ ಏಪ್ರಿಲ್ 11ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಶಾಲಾ ಶಿಕ್ಷಣದ ಒಂದು ದೊಡ್ಡ ಕಾಯ್ದೆಗೆ ಸಹಿ ಹಾಕಿದರು. ಸಹಿ ಹಾಕಿದ್ದು ಶ್ವೇತಭವನದಲ್ಲಿ ಅಲ್ಲ. ಟೆಕ್ಸಸ್‌ನಲ್ಲಿ ತಾವು ಚಿಕ್ಕವರಿದ್ದಾಗ ಹೋಗಿದ್ದ ಒಂದೇ ಕೋಣೆಯ ಶಾಲೆಯ ಮುಂದೆ. ಅಕ್ಷರ ಕಲಿಸಿದ ಮೊದಲ ಟೀಚರ್ ಕೇಟ್ ಡೆಡ್ರಿಕ್ ಲೋನಿ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದರು. ಜಾನ್ಸನ್ ಕಾಲೇಜು ಓದುವಾಗ, 1928ರಲ್ಲಿ, ಕೊಟುಲ್ಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಮಕ್ಕಳಿಗೆ ಪಾಠ ಮಾಡಿದ್ದರು. ಆ ಮಕ್ಕಳು ಎಷ್ಟೋ ಸಲ ಬೆಳಿಗ್ಗೆ ತಿಂಡಿ ಇಲ್ಲದೆ ಹಸಿದುಕೊಂಡೇ ಕ್ಲಾಸಿಗೆ ಬರುತ್ತಿದ್ದರು ಎಂದು ಅಧ್ಯಕ್ಷರಾದ ಮೇಲೂ ನೆನೆದು ಮಾತಾಡಿದ್ದಾರೆ. ಆ ಕಾಯ್ದೆಯ ಮೊದಲ ಭಾಗವೇ ಟೈಟಲ್ ಒನ್. ಈಗ ಜಾರಿಯಲ್ಲಿರುವುದು ಅದರ 2015ರ ರೂಪ, ಒಬಾಮಾ ಸಹಿ ಹಾಕಿದ್ದು. ವರ್ಷಕ್ಕೆ ಸುಮಾರು 1,800 ಕೋಟಿ ಡಾಲರ್ ಈ ಒಂದು ಲೆಕ್ಕದಲ್ಲೇ ಶಾಲೆಗಳಿಗೆ ಹೋಗುತ್ತದೆ.

ಇಷ್ಟಾದರೂ, ಅಮೆರಿಕದ ಸರ್ಕಾರಿ ಶಾಲೆಗಳ ಒಟ್ಟು ಖರ್ಚಿನಲ್ಲಿ ಕೇಂದ್ರದ ಪಾಲು ಹತ್ತರಲ್ಲಿ ಒಂದರಷ್ಟು ಮಾತ್ರ. ಉಳಿದದ್ದು ರಾಜ್ಯದ ಹಣ, ಮತ್ತು ನಿಮ್ಮ ಊರಿನ ಮನೆ ಕಂದಾಯ. ಒಳ್ಳೆಯ ಬೆಲೆಯ ಮನೆಗಳಿರುವ ಕಡೆ ಶಾಲೆಗೆ ಹಣ ಜಾಸ್ತಿ, ಇಲ್ಲದ ಕಡೆ ಕಡಿಮೆ. ಆ ಅಂತರವನ್ನು ಸ್ವಲ್ಪವಾದರೂ ತುಂಬಲು ಟೈಟಲ್ ಒನ್ ಇದೆ. ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ, ತಾನು ಮಾಡಲೇಬೇಕಾದ ಖರ್ಚನ್ನು ಈ ಹಣದ ಮೇಲೆ ಹಾಕಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಇದು ಇರುವುದರ ಮೇಲೆ ಹೆಚ್ಚುವರಿಯಾಗಿಯೇ ಬರಬೇಕು ಎಂದು ಕಾನೂನು ಹೇಳುತ್ತದೆ.

ಈಗ ನಮ್ಮವರು ತಪ್ಪು ತಿಳಿಯುವ ಜಾಗಕ್ಕೆ ಬರುತ್ತೇನೆ. ಬಡತನ ನೋಡುವುದು ಶಾಲೆಗೆ ಹಣ ಕೊಡುವಾಗ. ಮಗುವನ್ನು ಆರಿಸುವಾಗ ನೋಡುವುದು ಅದರ ಕಲಿಕೆಯನ್ನು. ಒಂದು ಶಾಲೆಯಲ್ಲಿ ನೂರಕ್ಕೆ 40 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳು ಕಡಿಮೆ ಆದಾಯದ ಮನೆಗಳಿಂದ ಬಂದರೆ, ಆ ಹಣವನ್ನು ಇಡೀ ಶಾಲೆಗೆ ಬಳಸಬಹುದು. ಅಲ್ಲಿ ಎಲ್ಲ ಮಕ್ಕಳೂ ಟೈಟಲ್ ಒನ್ ಮಕ್ಕಳೇ. ಅದಕ್ಕಿಂತ ಕಡಿಮೆ ಇರುವ ಶಾಲೆಗಳಲ್ಲಿ ಸಾಮಾನ್ಯವಾಗಿ ಕಲಿಕೆಯಲ್ಲಿ ಹಿಂದೆ ಇರುವ, ಹಿಂದೆ ಬೀಳಬಹುದಾದ ಮಕ್ಕಳನ್ನು ಆರಿಸುತ್ತಾರೆ. ಅಪ್ಪನ ಸಂಬಳ ಎಷ್ಟು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಐಟಿ ಕಂಪನಿಯ ಮ್ಯಾನೇಜರ್ ಮಗನೂ ಓದುವುದರಲ್ಲಿ ತಡವರಿಸಿದರೆ ನನ್ನ ಕೋಣೆಗೆ ಬರುತ್ತಾನೆ. ಹೊಸದಾಗಿ ಬಂದ ನಮ್ಮ ಕುಟುಂಬಗಳು ಬಾಡಿಗೆಗೆ ಇರುವ ಅಪಾರ್ಟ್‌ಮೆಂಟುಗಳ ಸುತ್ತಲಿನ ಶಾಲೆಗಳು ಎಷ್ಟೋ ಸಲ ಟೈಟಲ್ ಒನ್ ಶಾಲೆಗಳೇ ಆಗಿರುತ್ತವೆ. ನಾಚಿಕೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲ.

ನನ್ನ ಕೋಣೆಯಲ್ಲಿ ಏನು ನಡೆಯುತ್ತದೆ ಎಂದು ಹೇಳಿದರೆ ನಿಮಗೆ ಇನ್ನೂ ಸಮಾಧಾನವಾಗಬಹುದು. ನಾಲ್ಕೈದು ಮಕ್ಕಳು ಒಂದು ಮೇಜಿನ ಸುತ್ತ ಕೂರುತ್ತಾರೆ. ಅರ್ಧ ಗಂಟೆ ಕೆಲಸ. ಚಿಕ್ಕವರಿಗೆ ಅಕ್ಷರ ಮತ್ತು ಅದರ ಸದ್ದು, ಎರಡು ಸದ್ದು ಕೂಡಿಸುವುದು, ಹೀಗೆ. ದೊಡ್ಡವರಿಗೆ ಓದಿದ್ದರ ಅರ್ಥ ಹಿಡಿಯುವುದು. ನಮ್ಮ ಮಕ್ಕಳಲ್ಲಿ ನಾನು ಮತ್ತೆ ಮತ್ತೆ ಕಾಣುವ ಒಂದು ವಿಷಯ ಇದೆ. ಅವರು ಗಟ್ಟಿಯಾಗಿ, ಸರಾಗವಾಗಿ ಓದುತ್ತಾರೆ. ಮನೆಯಲ್ಲಿ ಕೇಳಿದವರಿಗೆ ಎಲ್ಲ ಸರಿಯಿದೆ ಅನಿಸುತ್ತದೆ. ಆದರೆ "ಆ ಹುಡುಗಿ ಯಾಕೆ ಅತ್ತಳು?" ಎಂದು ಕೇಳಿದರೆ ಸುಮ್ನೆ ನನ್ನ ಮುಖ ನೋಡುತ್ತಾರೆ. ಮೈಸೂರಿನಿಂದ ಈ ಬೇಸಿಗೆಯಲ್ಲಿ ಬಂದ ಮಗುವಿಗೆ ಪೋರ್ಚ್, ಮಿಟನ್, ಸ್ಲೆಡ್ ಇವೆಲ್ಲ ಎಲ್ಲಿ ಗೊತ್ತಿರಬೇಕು? ಕಥೆಯಲ್ಲಿ ಅಂಥ ಹತ್ತು ಮಾತು ಬಂದರೆ ಕಥೆಯೇ ಕೈತಪ್ಪುತ್ತದೆ. ಮಗು ಜಾಣ ಆಗಿದ್ದರೂ ಹೀಗಾಗುತ್ತದೆ. ನಾವು ಆ ಪದಗಳನ್ನು ಚಿತ್ರ ತೋರಿಸಿ, ಮಾತಾಡಿಸಿ, ಮತ್ತೆ ಓದಿಸುತ್ತೇವೆ. ಇದನ್ನು ಮೂರನೇ ಕ್ಲಾಸಿನ ಒಳಗೆ ಮಾಡಿದರೆ ತುಂಬ ಸುಲಭ. ಆಮೇಲೆ ವಿಜ್ಞಾನ, ಸಮಾಜ, ಎಲ್ಲವನ್ನೂ ಓದಿಯೇ ಕಲಿಯಬೇಕಾಗುತ್ತದೆ. ಆಗ ಒಂದು ಕಡೆಯ ಕೊರತೆ ಎಲ್ಲ ಕಡೆ ಹರಡುತ್ತದೆ.

ಇನ್ನೊಂದು ಫಾರ್ಮ್ ಬಗ್ಗೆ ಸ್ವಲ್ಪ ಹೊತ್ತು ಮಾತಾಡಬೇಕು. ಶಾಲೆಗೆ ಸೇರಿಸುವಾಗ ಮನೆಭಾಷೆಯ ಬಗ್ಗೆ ಎರಡು ಮೂರು ಪ್ರಶ್ನೆ ಇರುತ್ತವೆ. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದು. ನಮ್ಮವರಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳಿಕೊಡುತ್ತಾರೆ: "ಕನ್ನಡ ಅಂತ ಬರೀಬೇಡಿ, ಇಂಗ್ಲಿಷ್ ಅಂತ ಬರೀರಿ, ಇಲ್ಲದಿದ್ದರೆ ಬೇರೆ ಕ್ಲಾಸಿಗೆ ಹಾಕಿಬಿಡ್ತಾರೆ." ಇದು ನನಗೆ ತುಂಬ ಬೇಸರ ತರಿಸುವ ಸಲಹೆ. ಕನ್ನಡ ಎಂದು ಬರೆದರೆ ಆಗುವುದು ಇಷ್ಟೇ: ಮಗುವಿಗೆ ಒಂದು ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಬಹಳ ರಾಜ್ಯಗಳಲ್ಲಿ ಅದು ವೀಡಾ ಪರೀಕ್ಷೆ, ಕ್ಯಾಲಿಫೋರ್ನಿಯಾದಲ್ಲಿ ಎಲ್ಪ್ಯಾಕ್. ಮಗುವಿಗೆ ಇಂಗ್ಲಿಷ್ ಚೆನ್ನಾಗಿ ಬಂದರೆ ವಿಷಯ ಅಲ್ಲಿಗೇ ಮುಗಿಯಿತು. ಬಾರದಿದ್ದರೆ ಇಂಗ್ಲಿಷ್ ಕಲಿಸುವ ಟೀಚರ್ ಸಿಗುತ್ತಾರೆ. ಅದಕ್ಕೆ ಟೈಟಲ್ ತ್ರೀ ಎಂಬ ಬೇರೆ ಕೇಂದ್ರ ಅನುದಾನವೂ ಇದೆ. ಶಾಲೆ ಶುರುವಾದ 30 ದಿನದೊಳಗೆ ನಿಮಗೆ ಪತ್ರ ಕಳಿಸಿ, ಮಗುವಿಗೆ ಎಷ್ಟು ಬರುತ್ತದೆ, ಹೇಗೆ ಕಲಿಸುತ್ತೇವೆ ಎಂದು ತಿಳಿಸಬೇಕು. ಬೇಡ ಎನ್ನುವ ಹಕ್ಕೂ ನಿಮಗಿದೆ. ಆದರೆ ಬೇಡ ಎಂದರೂ, ಮಗು ಆ ಮಟ್ಟ ದಾಟುವ ತನಕ ವರ್ಷಕ್ಕೊಮ್ಮೆ ಪರೀಕ್ಷೆ ನಡೆದೇ ನಡೆಯುತ್ತದೆ. ಹಾಗಿರುವಾಗ ಪಾಠ ಬಿಟ್ಟು ಪರೀಕ್ಷೆ ಮಾತ್ರ ಬರೆಸುವುದರಲ್ಲಿ ಏನು ಲಾಭ?

ಇಂಗ್ಲಿಷ್ ನೆರವು ಪಡೆಯುವ ಈ ಹಕ್ಕು ಸುಮ್ನೆ ಬಂದದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಕುಟುಂಬಗಳು ನಮ್ಮ ಮಕ್ಕಳಿಗೆ ಪಾಠವೇ ಅರ್ಥವಾಗುತ್ತಿಲ್ಲ ಎಂದು ಕೋರ್ಟಿಗೆ ಹೋದವು. 1974ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಅದೇ ಪುಸ್ತಕ, ಅದೇ ಟೀಚರ್ ಕೊಟ್ಟ ಮಾತ್ರಕ್ಕೆ ಸಮಾನತೆ ಆಗುವುದಿಲ್ಲ, ಮಗುವಿಗೆ ಅರ್ಥವಾಗಬೇಕು ಎಂಬುದು ಅದರ ಸಾರ. ಇವತ್ತು ನಮ್ಮ ಮಕ್ಕಳಿಗೆ ಸಿಗುವ ಇಂಗ್ಲಿಷ್ ನೆರವಿಗೆ ಆ ಅಪ್ಪ ಅಮ್ಮಂದಿರ ಋಣ ಇದೆ. ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಆಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅಜ್ಜಿ ಕನ್ನಡದಲ್ಲಿ ಕಥೆ ಹೇಳಿ, ನಡುವೆ ನಿಲ್ಲಿಸಿ, "ಮುಂದೆ ಏನಾಯ್ತು ಹೇಳು ಪುಟ್ಟಿ" ಎಂದು ಕೇಳಿದರೆ, ನಾನು ನನ್ನ ಕೋಣೆಯಲ್ಲಿ ಮಾಡುವ ಕೆಲಸವನ್ನೇ ಅವರೂ ಮಾಡಿದ ಹಾಗೆ.

ವೀಸಾ ಬಗ್ಗೆ ಭಯ ಇರುವವರಿಗೆ ಒಂದು ಮಾತು. ಎಚ್-4, ಅಂದರೆ ಕೆಲಸದ ವೀಸಾದಲ್ಲಿ ಬಂದವರ ಕುಟುಂಬಕ್ಕೆ ಕೊಡುವ ವೀಸಾದಲ್ಲಿರುವ ಮಕ್ಕಳಿಗೂ ಇದೆಲ್ಲ ಸಿಗುತ್ತದೆ. ಸರ್ಕಾರಿ ಶಾಲೆಗೆ ಬರುವ ಮಗುವನ್ನು ಕಾಗದಪತ್ರ ಇಲ್ಲ ಎಂದು ವಾಪಸ್ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಟೈಟಲ್ ಒನ್ ಹಣ ನಿಮ್ಮ ಕೈಗೆ ಬರುವುದೂ ಇಲ್ಲ. ಅದು ಶಾಲೆಗೆ ಬರುತ್ತದೆ, ಪಾಠವಾಗಿ ನಿಮ್ಮ ಮಗುವಿಗೆ ತಲುಪುತ್ತದೆ.

ಕೆಲವು ಮಕ್ಕಳಿಗೆ ಈ ನೆರವು ಸಾಲುವುದಿಲ್ಲ. ಎಷ್ಟು ಹೇಳಿಕೊಟ್ಟರೂ ಅಕ್ಷರ ನಿಲ್ಲುವುದಿಲ್ಲ, ಮಾತು ತಡ, ಅಥವಾ ಒಂದು ಕಡೆ ಕೂರಲು ಆಗುವುದಿಲ್ಲ. ಅದಕ್ಕೆ ಬೇರೆಯೇ ಕಾನೂನು ಇದೆ, ಅಂಗವೈಕಲ್ಯ ಇರುವ ಮಕ್ಕಳ ಶಿಕ್ಷಣದ್ದು, ಮೊದಲು 1975ರಲ್ಲಿ ಬಂದದ್ದು. ಈಗ ಅದನ್ನು ಐಡಿಯಾ ಎನ್ನುತ್ತಾರೆ. ಮಗುವನ್ನು ಪರೀಕ್ಷಿಸಿ ಎಂದು ನೀವೇ ಕೇಳಬಹುದು. ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಎರಡು ಸಾಲಿನ ಈಮೇಲ್ ಆದರೂ ಸರಿ, ಬರೆದು ಕಳಿಸಿ, ತಾರೀಖು ಇರಲಿ. ನೀವು ಒಪ್ಪಿಗೆಗೆ ಸಹಿ ಹಾಕಿದ ಮೇಲೆ, ರಾಜ್ಯ ಬೇರೆ ಗಡುವು ಇಟ್ಟಿಲ್ಲದಿದ್ದರೆ, 60 ದಿನದೊಳಗೆ ಪರೀಕ್ಷೆ ಮುಗಿಯಬೇಕು. ಒಂದು ಪೈಸೆ ಖರ್ಚಿಲ್ಲ. ಟೈಟಲ್ ಒನ್ ಪಾಠ ನಡೀತಾ ಇದೆ, ಅದು ಮುಗಿಯಲಿ, ಆಮೇಲೆ ನೋಡೋಣ ಎಂದು ಶಾಲೆ ಮುಂದೂಡುವಂತಿಲ್ಲ. ಮಗುವಿಗೆ ಏನು ಕೊಡಬೇಕು ಎಂದು ತೀರ್ಮಾನಿಸುವ ಐಇಪಿ (ಆ ಮಗುವಿಗಾಗಿಯೇ ಮಾಡುವ ಕಲಿಕೆಯ ಯೋಜನೆ) ಸಭೆಯಲ್ಲಿ ನೀವು ಅತಿಥಿಗಳಲ್ಲ, ತಂಡದ ಸದಸ್ಯರು. ಇಂಗ್ಲಿಷ್ ಕಷ್ಟ ಎಂದರೆ ದುಭಾಷಿ ಬೇಕು ಎಂದು ಮೊದಲೇ ಹೇಳಿ. ಫೋನಿನಲ್ಲಿ ಕನ್ನಡ ದುಭಾಷಿಗಳು ಸಿಗುತ್ತಾರೆ. ಐದನೇ ಕ್ಲಾಸಿನ ಅಕ್ಕನನ್ನು ಕರೆತಂದು, ತಮ್ಮನ ಕಷ್ಟವನ್ನು ಅವಳ ಬಾಯಲ್ಲಿ ಹೇಳಿಸಬೇಡಿ. ಅದು ಇಬ್ಬರು ಮಕ್ಕಳಿಗೂ ಭಾರ.

ಟೈಟಲ್ ಒನ್ ಶಾಲೆ ವರ್ಷಕ್ಕೊಂದು ಪೋಷಕರ ಸಭೆ ಕರೆಯಲೇಬೇಕು. ನಾನು ನೋಡಿದ ಮಟ್ಟಿಗೆ ಅರ್ಧ ಕುರ್ಚಿ ಖಾಲಿ ಇರುತ್ತವೆ. ಆ ಸಭೆಯಲ್ಲಿ ಹಣ ಹೇಗೆ ಖರ್ಚಾಗುತ್ತದೆ ಎಂದು ಕೇಳಬಹುದು. ಡಿಸ್ಟ್ರಿಕ್ಟಿಗೆ 5 ಲಕ್ಷ ಡಾಲರ್‌ಗಿಂತ ಜಾಸ್ತಿ ಬಂದರೆ, ಅದರಲ್ಲಿ ಕನಿಷ್ಠ ನೂರಕ್ಕೆ 1 ಪಾಲು ಪೋಷಕರನ್ನು ತೊಡಗಿಸಿಕೊಳ್ಳಲು ಮೀಸಲಿಡಬೇಕು. ಅದನ್ನು ಯಾವುದಕ್ಕೆ ಬಳಸಬೇಕು ಎಂದು ಹೇಳುವುದರಲ್ಲಿ ನಿಮಗೂ ಪಾಲಿದೆ. ಸಂಜೆ ಓದಿನ ಕಾರ್ಯಾಗಾರ ಮಾಡಿ, ಕನ್ನಡಕ್ಕೂ ದುಭಾಷಿ ತರಿಸಿ ಎಂದು ಕೇಳಿದರೆ ತಪ್ಪೇನಿಲ್ಲ. ಮಗುವಿನ ಟೀಚರ್ ಏನು ಓದಿದ್ದಾರೆ ಎಂದು ತಿಳಿಯುವ ಹಕ್ಕೂ ಇದೆ. ಪೂರ್ತಿ ಅರ್ಹತೆ ಇಲ್ಲದ ಟೀಚರ್ ಸತತ ನಾಲ್ಕು ವಾರ ಅಥವಾ ಅದಕ್ಕಿಂತ ಜಾಸ್ತಿ ಪಾಠ ಮಾಡಿದರೆ ಶಾಲೆಯೇ ನಿಮಗೆ ತಿಳಿಸಬೇಕು.

2025ರ ಮಾರ್ಚ್‌ನಲ್ಲಿ ಶಿಕ್ಷಣ ಇಲಾಖೆಯನ್ನೇ ಮುಚ್ಚುವ ಕಡೆಗೆ ಅಧ್ಯಕ್ಷ ಟ್ರಂಪ್ ಆದೇಶ ಹೊರಡಿಸಿದಾಗ ಹಲವರು ನನಗೆ ಫೋನ್ ಮಾಡಿದರು. ಟೈಟಲ್ ಒನ್, ಐಡಿಯಾ ಎರಡೂ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಮಾಡಿದ ಕಾನೂನುಗಳು. ಅವನ್ನು ತೆಗೆಯಲು ಆದೇಶ ಸಾಲದು, ಕಾಂಗ್ರೆಸ್ಸೇ ತೆಗೆಯಬೇಕು. ನಡೆಸುವ ಕಚೇರಿ ಬದಲಾಗಬಹುದು. ಅದಕ್ಕೇ ಸಭೆಗೆ ಹೋಗಿ ಕೇಳುತ್ತಿರುವುದು ಈಗ ಇನ್ನೂ ಮುಖ್ಯ ಎಂದು ನನಗನಿಸುತ್ತದೆ.

ಪತ್ರ ಬಂದರೆ ಟೀಚರ್ ಹತ್ತಿರ ಹತ್ತು ನಿಮಿಷ ಸಮಯ ಕೇಳಿ. ಯಾವ ಪರೀಕ್ಷೆ ನೋಡಿ ನನ್ನ ಮಗುವನ್ನು ಆರಿಸಿದಿರಿ, ಪಾಠ ಮಾಡುವವರು ಯಾರು, ವಾರಕ್ಕೆ ಎಷ್ಟು ಸಲ ಎಂದು ಕೇಳಿ. ಆ ಅರ್ಧ ಗಂಟೆಯಲ್ಲಿ ಅವನಿಗೆ ಯಾವ ಕ್ಲಾಸು ತಪ್ಪುತ್ತದೆ ಎಂದು ಖಂಡಿತ ಕೇಳಿ. ಗಣಿತ ತಪ್ಪುತ್ತಿದ್ದರೆ ಬೇರೆ ಸಮಯ ಕೊಡಿ ಎಂದು ಹೇಳಬಹುದು. ಮುಂದೆ ಎಷ್ಟು ಬಂದರೆ ಇದನ್ನು ನಿಲ್ಲಿಸುತ್ತೀರಿ ಎಂದೂ ಕೇಳಿ. ಟೀಚರ್‌ಗಳಿಗೆ ಇದರಿಂದ ಕೋಪ ಬರುವುದಿಲ್ಲ. ಕೇಳುವ ಅಪ್ಪ ಅಮ್ಮ ಇದ್ದಾರೆ ಎಂದರೆ ನಮಗೂ ಧೈರ್ಯ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ. ಶಾಲೆಯಿಂದ ಬಂದ ಪತ್ರಗಳನ್ನು ತಂದಿರುವವರು ಆಮೇಲೆ ಮುಂದೆ ಬನ್ನಿ, ಒಂದೊಂದನ್ನೇ ಒಟ್ಟಿಗೆ ಓದೋಣ.