ಕಾರ್ಖಾನೆ ಕೊಟ್ಟ ಕಾಗದ, ಕಣ್ಣೆದುರಿನ ಕಾರು

ಕೇಳುಗರಿಗೆ ನಮಸ್ಕಾರ.

ಹಳೆಯ ಕಾರನ್ನು ಕೊಳ್ಳಲು ಹೋದವರಲ್ಲಿ ಹಲವರಿಗೆ ಈ ಅನುಭವ ಆಗಿರುತ್ತದೆ. ಕಾರಿನ ಮುಚ್ಚಳ ತೆಗೆಯುವ ಮೊದಲೇ ಮಾರುವವರು ಒಂದು ಕಡತ ತೆರೆಯುತ್ತಾರೆ. ಒಳಗೆ ದಪ್ಪ ಕಾಗದ, ಮೇಲೆ ಕಂಪನಿಯ ಲಾಂಛನ, ಕೆಳಗೊಂದು ಸಹಿ. "ನೋಡಿ, ಕಾರ್ಖಾನೆಯೇ ಕೊಟ್ಟ ಪ್ರಮಾಣಪತ್ರ" ಎನ್ನುತ್ತಾರೆ. ಅದನ್ನು ಕೈಯಲ್ಲಿ ಹಿಡಿದ ಕೂಡಲೇ ನಮ್ಮ ಅರ್ಧ ಅನುಮಾನ ಕರಗಿಹೋಗುತ್ತದೆ. ಅದು ಕರಗಬಾರದು. ಹಾಗೆಂದ ಮಾತ್ರಕ್ಕೆ ಇಂಥ ಕಾಗದಕ್ಕೆ ಕೊಟ್ಟ ಹಣ ದಂಡ ಎಂದು ನಾನು ಹೇಳುವವನಲ್ಲ. ನಾನು ಹಳೆಯ ಕಾರುಗಳನ್ನು ಪ್ರೀತಿಸುವವನು, ಅವುಗಳ ಕಾಗದಗಳನ್ನೂ ಪ್ರೀತಿಸುವವನು. ಆದರೆ ಯಾವ ಕಾಗದ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ತಿಳಿಯದೆ ಹಣ ತೆತ್ತರೆ ಮೋಸ ಹೋಗುತ್ತೇವೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಪ್ರಮಾಣಪತ್ರ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಓಡಾಡುತ್ತಿವೆ. ಒಂದು, ಕಾರ್ಖಾನೆಯ ಹಳೆಯ ದಫ್ತರದಿಂದ ಇಳಿಸಿಕೊಂಡ ವಿವರ. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಎಂಜಿ, ಆಸ್ಟಿನ್, ಮಾರಿಸ್ ಮುಂತಾದ ಕಾರುಗಳಿಗೆ ಕೊಡುವುದು ಇಂಥದ್ದು. ಜಾಗ್ವಾರ್ ಕಾರುಗಳಿಗೆ ಅದರ ಪರಂಪರೆಯ ಟ್ರಸ್ಟ್ ಕೊಡುವುದೂ ಇದೇ ಬಗೆಯದು. ಕಾರು ತಯಾರಾದ ದಿನ, ಚಾಸಿಸ್ ನಂಬರು, ಎಂಜಿನ್ ನಂಬರು, ಬಾಡಿ ನಂಬರು, ಗೇರ್‌ಬಾಕ್ಸ್ ನಂಬರು, ಮೊದಲ ಬಣ್ಣ, ಸೀಟಿನ ಹೊದಿಕೆಯ ಬಣ್ಣ, ಯಾವ ವಿತರಕರಿಗೆ ಹೋಯಿತು ಎಂಬ ವಿವರಗಳು ಅದರಲ್ಲಿರುತ್ತವೆ. ಅದನ್ನು ಬರೆದುಕೊಟ್ಟವರು ನಿಮ್ಮ ಕಾರನ್ನು ಕಣ್ಣಿನಿಂದಲೂ ಕಂಡಿರುವುದಿಲ್ಲ. ಆ ಕಾಗದ ಕಾರು ಹುಟ್ಟಿದ ದಿನದ ಮಾತು, ಅಷ್ಟೇ. ಇನ್ನೊಂದು ಬಗೆಯದು ಕಾರನ್ನು ಎದುರಿಗೆ ನಿಲ್ಲಿಸಿಕೊಂಡು, ಬಿಡಿಭಾಗಗಳನ್ನು ನೋಡಿ ಕೊಡುವ ಪತ್ರ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಮೊದಲ ಬಗೆಯ ಕಾಗದಕ್ಕೆ ನಿಜವಾದ ಬೆಲೆ ಬರುವುದು ಯಾವಾಗ? ಸಾಮಾನ್ಯ ಮಾದರಿಯನ್ನು ಅಪರೂಪದ ಮಾದರಿಯ ವೇಷ ಹಾಕಿ ಮಾರಲು ಸಾಧ್ಯವಿರುವಾಗ. ಇದಕ್ಕೆ ನನಗೆ ತಿಳಿದಿರುವ ಅತ್ಯುತ್ತಮ ಉದಾಹರಣೆ ಅಮೆರಿಕದ ಪಾಂಟಿಯಾಕ್ ಜಿಟಿಒ. 1964 ಮತ್ತು 1965ರಲ್ಲಿ ಜಿಟಿಒ ಎಂಬುದು ಪ್ರತ್ಯೇಕ ಮಾದರಿಯಾಗಿರಲಿಲ್ಲ. ಹೆಚ್ಚುವರಿ ಹಣ ಕೊಟ್ಟು ಪಡೆಯುವ ಆಯ್ಕೆಯಾಗಿತ್ತು. ಆದ್ದರಿಂದ ಆ ಎರಡು ವರ್ಷಗಳ ಕಾರುಗಳ ಗುರುತಿನ ಸಂಖ್ಯೆ ನೋಡಿ ಇದು ಜಿಟಿಒ ಹೌದೋ ಅಲ್ಲವೋ ಎಂದು ಹೇಳಲಾಗದು. ಎಂಜಿನ್ ಬದಲಿಸಿ, ಬಾನೆಟ್ ಬದಲಿಸಿ, ಹೆಸರಿನ ಫಲಕ ಅಂಟಿಸಿದರೆ ಪಾಂಟಿಯಾಕ್‌ನದೇ ಲೆಮಾನ್ಸ್ ಎಂಬ ಸಾದಾ ಮಾದರಿ ಕೂಡ ಜಿಟಿಒ ಆಗಿ ನಿಲ್ಲುತ್ತದೆ. ಅದೃಷ್ಟಕ್ಕೆ ಪಾಂಟಿಯಾಕ್‌ನ 1961ರಿಂದೀಚಿನ ದಾಖಲೆಗಳು ಉಳಿದಿವೆ. ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಎಂಬ ಸಂಸ್ಥೆ ಆ ಕಾಲದ ಬಿಲ್ಲಿನ ಪ್ರತಿಯನ್ನೇ ತೆಗೆದುಕೊಡುತ್ತದೆ. ಅಂಥ ಕಾರಿನ ಮಟ್ಟಿಗೆ ಆ ಕಾಗದವಿಲ್ಲದೆ ಮುಂಗಡ ಕೊಡುವುದು ಬಾವಿಯ ಆಳ ನೋಡದೆ ಇಳಿದಂತೆ. ಮಿನಿ ಕೂಪರ್ ಎಸ್, 1973ರ ಪೋರ್ಶೆ ಕ್ಯಾರೆರಾ ಆರ್‌ಎಸ್ ಇವುಗಳ ಕಥೆಯೂ ಇದೇ. ಆ ಪೋರ್ಶೆಯನ್ನು ತಯಾರಿಸಿದ್ದು 1,580 ಮಾತ್ರ. ಅದರ ಹಾಗೆ ಕಾಣುವಂತೆ ಮಾಡಿದ ಸಾದಾ ಪೋರ್ಶೆ 911ಗಳಿಗೆ ಮಾತ್ರ ಲೆಕ್ಕವಿಲ್ಲ.

ಇನ್ನು ಒಂದು ಸೂಕ್ಷ್ಮ. ನಾನು ಈಗಷ್ಟೇ ಹೇಳಿದ್ದು ಬಿಲ್ಲಿನ ಪ್ರತಿ ಎಂದು. ಹಳೆಯ ಲೆಡ್ಜರಿನಿಂದ ಯಾರೋ ಓದಿ, ಹೊಸದಾಗಿ ಟೈಪ್ ಮಾಡಿಕೊಟ್ಟ ಪತ್ರಕ್ಕೂ, ಲೆಡ್ಜರಿನ ಪುಟವನ್ನೇ ಪ್ರತಿ ಮಾಡಿಕೊಟ್ಟಿದ್ದಕ್ಕೂ ಬಹಳ ಅಂತರವಿದೆ. ಟೈಪ್ ಮಾಡುವಾಗ ಒಂದು ಅಂಕೆ ತಪ್ಪಿದರೆ ಅಸಲಿ ಕಾರು ನಕಲಿಯಾಗಿಬಿಡುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ, ಅಂದಚೆಂದ ಕಡಿಮೆಯಾದರೂ ಮೂಲ ಪುಟದ ಪ್ರತಿಯನ್ನೇ ಕೇಳಿ.

ಈಗ ಕಾಗದ ಬಂತು, ಅದರಲ್ಲಿನ ಎಂಜಿನ್ ನಂಬರೂ ಕಾರಿನ ಮೇಲಿನ ನಂಬರೂ ಒಂದೇ ಎನ್ನೋಣ. ಸಂಗ್ರಾಹಕರು ಇದನ್ನೇ ಮ್ಯಾಚಿಂಗ್ ನಂಬರ್ಸ್ ಎಂದು ಹೆಮ್ಮೆಯಿಂದ ಹೇಳುವುದು. ಇಲ್ಲಿ ನಿಂತು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಕಾಗದ ಮೊದಲು ಬಂತೋ, ನಂಬರು ಮೊದಲು ಬಂತೋ? ಏಕೆಂದರೆ ಮೋಸಗಾರನಿಗೆ ಯಾವ ಅಂಕೆಗಳನ್ನು ಕೊರೆಯಬೇಕೆಂದು ತಿಳಿಸಿಕೊಡುವುದು ಅದೇ ಪ್ರಮಾಣಪತ್ರ. ಪತ್ರ ತರಿಸಿಕೊಂಡು, ಬೇರೆಲ್ಲಿಂದಲೋ ತಂದ ಬ್ಲಾಕ್‌ನ, ಅಂದರೆ ಎಂಜಿನ್ನಿನ ಮುಖ್ಯ ಎರಕದ ಭಾಗದ, ಹಳೆಯ ನಂಬರನ್ನು ಉಜ್ಜಿ, ಹೊಸದನ್ನು ಒತ್ತಿದರೆ ಎಲ್ಲವೂ ಹೊಂದಿಕೊಳ್ಳುತ್ತದೆ. ಇದನ್ನು ಕಾಗದ ಹಿಡಿಯಲಾರದು, ಕಣ್ಣು ಹಿಡಿಯಬೇಕು. ಷೆವರ್ಲೆಯ ವಿ8 ಎಂಬ ಎಂಟು ಸಿಲಿಂಡರಿನ ಎಂಜಿನ್ನಿನಲ್ಲಿ ನಂಬರು ಇರುವುದು ಬಲಗಡೆಯ ಸಿಲಿಂಡರ್ ಹೆಡ್‌ನ ಮುಂದಿರುವ ಪುಟ್ಟ ಸಮತಟ್ಟಾದ ಜಾಗದಲ್ಲಿ. ಕಾರ್ಖಾನೆಯ ಯಂತ್ರ ಆ ಮೈಯನ್ನು ಹೆರೆದಾಗ ಒಂದೇ ದಿಕ್ಕಿಗೆ ಸಾಗುವ ಕೂದಲೆಳೆಯಂಥ ಗೆರೆಗಳು ಉಳಿಯುತ್ತವೆ. ಯಾರಾದರೂ ಉಜ್ಜಿದ್ದರೆ ಆ ಗೆರೆಗಳು ಮಾಯವಾಗಿರುತ್ತವೆ, ಇಲ್ಲವೇ ಅಡ್ಡಾದಿಡ್ಡಿಯಾಗಿರುತ್ತವೆ. ಎಂಜಿನ್ ಬಿಚ್ಚಿ ಕೆಲಸ ಮಾಡಿಸಿದಾಗ ಪ್ರಾಮಾಣಿಕ ಮೆಕ್ಯಾನಿಕ್‌ನ ಕೈಯಲ್ಲೂ ಅವು ಅಳಿಸಿಹೋಗಬಹುದು. ಆದ್ದರಿಂದ ಗೆರೆ ಇಲ್ಲದ ಕೂಡಲೇ ಕಳ್ಳ ಎನ್ನಬೇಡಿ. ಆದರೆ ಗೆರೆ ಇಲ್ಲ, ನಂಬರು ಮಾತ್ರ ಹೊಸದಾಗಿ ಹೊಳೆಯುತ್ತಿದೆ ಎಂದರೆ ಎಚ್ಚರವಾಗಿರಿ. ತಾರೀಖುಗಳನ್ನೂ ನೋಡಿ. ಬ್ಲಾಕ್ ಎರಕ ಹೊಯ್ದ ದಿನ ಎಂಜಿನ್ ಜೋಡಿಸಿದ ದಿನಕ್ಕಿಂತ ಮುಂಚಿನದಾಗಿರಬೇಕು, ಎಂಜಿನ್ ಜೋಡಿಸಿದ ದಿನ ಕಾರು ತಯಾರಾದ ದಿನಕ್ಕಿಂತ ಮುಂಚಿನದಾಗಿರಬೇಕು. ಮಗುವಿನ ನಂತರ ತಾಯಿ ಹುಟ್ಟುವುದಿಲ್ಲ. ಈ ಸರಳ ಲೆಕ್ಕ ಎಷ್ಟೋ ಸುಳ್ಳುಗಳನ್ನು ಬಯಲು ಮಾಡಿದೆ.

ಎರಡನೆಯ ಬಗೆಗೆ ಬರುತ್ತೇನೆ. ಇದರಲ್ಲಿ ಹೆಚ್ಚು ಹೆಸರಾದದ್ದು 2006ರಲ್ಲಿ ಆರಂಭವಾದ ಫೆರಾರಿ ಕ್ಲಾಸಿಕೆ ವಿಭಾಗ. ಇಪ್ಪತ್ತು ವರ್ಷ ದಾಟಿದ ಫೆರಾರಿಯ ಚಾಸಿಸ್, ಎಂಜಿನ್, ಗೇರ್‌ಬಾಕ್ಸ್, ಬ್ರೇಕ್, ಬಾಡಿ ಎಲ್ಲವನ್ನೂ ಕಾರ್ಖಾನೆಯ ದಾಖಲೆಯ ಜೊತೆ ಹೋಲಿಸಿ ನೋಡಿ, ಒಪ್ಪಿಗೆಯಾದರೆ ಕೆಂಪು ಕಡತವೊಂದನ್ನು ಕೊಡುತ್ತಾರೆ. ಲ್ಯಾಂಬೊರ್ಗಿನಿಯ ಪೋಲೊ ಸ್ಟೋರಿಕೊ ಕೂಡ ಇಂಥ ಕೆಲಸ ಮಾಡುತ್ತದೆ. ಇದು ದುಬಾರಿ, ನಿಧಾನ, ಆದರೆ ಯಾರೋ ಕಾರನ್ನು ನಿಜವಾಗಿ ನೋಡಿದ್ದಾರೆ ಎಂಬ ಭರವಸೆ ಇದೆ. ಕೋಟಿಗಳ ವ್ಯವಹಾರದಲ್ಲಿ ಅದಕ್ಕೆ ಹಣ ತೆರುವುದು ತಪ್ಪಲ್ಲ.

ಆದರೂ ನನ್ನ ಮನಸ್ಸು ಇಲ್ಲಿ ಪೂರ್ತಿ ಒಪ್ಪುವುದಿಲ್ಲ. ಕಾರ್ಖಾನೆ ಅಳೆಯುವುದು ಕಾರು ತನ್ನ ಮೊದಲ ರೂಪಕ್ಕೆ ಎಷ್ಟು ಹತ್ತಿರವಿದೆ ಎಂದು. ರೇಸಿನ ಕಾರುಗಳ ಬಾಳೇ ಬದಲಾವಣೆ. ಬೆಂಟ್ಲಿಯ ಓಲ್ಡ್ ನಂಬರ್ ಒನ್ ಎಂಬ ಕಾರಿನ ಮೊಕದ್ದಮೆ ನೆನಪಾಗುತ್ತದೆ. 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ರೇಸನ್ನು ಗೆದ್ದ ಕಾರು ಅದು. ಆಮೇಲಿನ ವರ್ಷಗಳಲ್ಲಿ ರೇಸು, ಅಪಘಾತ, ರಿಪೇರಿಗಳ ನಡುವೆ ಅದರ ಬಹುಪಾಲು ಬದಲಾಗಿಹೋಯಿತು. ಒಂದು ಕೋಟಿ ಪೌಂಡಿಗೆ ಮಾರಾಟದ ಒಪ್ಪಂದವಾದಾಗ, ಇದು ಆ ಕಾರೇ ಅಲ್ಲ ಎಂದು ಕೊಂಡವರು ತಕರಾರು ತೆಗೆದರು. 1990ರಲ್ಲಿ ಇಂಗ್ಲೆಂಡಿನ ಹೈಕೋರ್ಟು ಮಾರಿದವರ ಪರ ತೀರ್ಪು ಕೊಟ್ಟಿತು. ಭಾಗಗಳು ಬದಲಾಗಿರಬಹುದು, ಆದರೆ ಆ ಕಾರಿನ ಚರಿತ್ರೆ ಎಲ್ಲಿಯೂ ಕಡಿದುಹೋಗಿಲ್ಲ, ಆ ಹೆಸರಿಗೆ ಬೇರೆ ಯಾವ ಕಾರೂ ಹಕ್ಕುದಾರನಲ್ಲ ಎಂಬುದು ಅದರ ಸಾರ. ಮೊದಲ ರೂಪವನ್ನೇ ಅಳತೆಗೋಲು ಮಾಡಿಕೊಂಡಿದ್ದರೆ ಆ ಬೆಂಟ್ಲಿ ಯಾವ ಪ್ರಮಾಣಪತ್ರಕ್ಕೂ ಪಾತ್ರವಾಗುತ್ತಿರಲಿಲ್ಲ. ಪತ್ರಕ್ಕಾಗಿ ಹಳೆಯ ರಿಪೇರಿ, ಹಳೆಯ ಗಾಯ ಎಲ್ಲವನ್ನೂ ಕಿತ್ತುಹಾಕಿ ಹೊಸದು ಮಾಡಿಸುವುದನ್ನು ಕಂಡರೆ ನನಗೆ ನೋವಾಗುತ್ತದೆ.

ಕೆಲವು ಕಾರುಗಳಿಗೆ ಈ ಚರ್ಚೆಯೇ ಅನ್ವಯಿಸುವುದಿಲ್ಲ. 1967ರಿಂದ 1969ರವರೆಗಿನ ಷೆವರ್ಲೆ ಕಮಾರೋಗಳಲ್ಲಿ ಒಂದೊಂದು ಕಾರಿನ ದಾಖಲೆ ಅಮೆರಿಕದಲ್ಲಿ ಕಂಪನಿಯ ಬಳಿ ಉಳಿದಿಲ್ಲ. ಕೆನಡಾದಲ್ಲಿ ಮಾರಾಟವಾದವುಗಳಿಗೆ ಮಾತ್ರ ಅಲ್ಲಿನ ಜನರಲ್ ಮೋಟಾರ್ಸ್ ದಾಖಲೆ ಕೊಡುತ್ತದೆ. ಉಳಿದವರಿಗೆ ಹಳೆಯ ಮಾಲೀಕರು ಜೋಪಾನ ಮಾಡಿದ ಬಿಲ್ಲು, ರಸೀದಿ, ಫೋಟೋಗಳೇ ಆಧಾರ. ನಿಜ ಹೇಳಬೇಕೆಂದರೆ ಮೂವತ್ತು ವರ್ಷದ ಗ್ಯಾರೇಜು ರಸೀದಿಗಳ ಕಂತೆಯೊಂದು ಸಿಕ್ಕರೆ ನಾನು ಅದನ್ನು ಚೌಕಟ್ಟು ಹಾಕಿದ ಪತ್ರಕ್ಕಿಂತ ಮೇಲೆ ಇಡುತ್ತೇನೆ.

ಹಾಗಾದರೆ ಕೊಳ್ಳಬೇಕೇ? ದಫ್ತರದ ವಿವರವನ್ನು ಖಂಡಿತ ಕೊಳ್ಳಿ, ಆದರೆ ಕಾರಿಗೆ ಹಣ ಕೊಡುವ ಮೊದಲು. ಕಾರು ಮನೆಗೆ ಬಂದ ಮೇಲೆ ತರಿಸಿದ ಪತ್ರ ಸಂತೋಷ ಕೊಡಬಹುದು, ಇಲ್ಲವೇ ದುಃಖ ಕೊಡಬಹುದು, ನಷ್ಟವನ್ನು ತಪ್ಪಿಸಲಾರದು. ಇಲ್ಲೊಂದು ತೊಡಕಿದೆ. ಹಲವು ಸಂಸ್ಥೆಗಳು ಮಾಲೀಕತ್ವದ ದಾಖಲೆ ನೋಡದೆ ವಿವರ ಕೊಡುವುದಿಲ್ಲ. ಆದ್ದರಿಂದ ಅರ್ಜಿಯನ್ನು ಮಾರುವವರೇ ಹಾಕಬೇಕಾಗುತ್ತದೆ. ಶುಲ್ಕ ನಾನೇ ಕೊಡುತ್ತೇನೆ, ಉತ್ತರ ಬರುವ ತನಕ ಕಾಯುತ್ತೇನೆ ಎಂದು ಅವರಿಗೆ ಹೇಳಿ. ಅಸಲಿ ಕಾರು ಇಟ್ಟುಕೊಂಡವರಿಗೆ ಅದರಿಂದ ಕಳೆದುಕೊಳ್ಳುವುದೇನೂ ಇಲ್ಲ. ಅಷ್ಟು ಹೇಳಿದ ಮೇಲೂ ನೆಪ ಹುಡುಕುತ್ತಿದ್ದರೆ, ನಾನಾದರೆ ಅಲ್ಲಿಂದ ಎದ್ದು ಬರುತ್ತೇನೆ.

ನಮಸ್ಕಾರ.