ಒಂದು ದೀಪ ಸಾಲದು: ಮ್ಯೂಸ್ ಉಪಕರಣದ ಫ್ಲ್ಯಾಟ್ ಫೀಲ್ಡ್

[ಪರದೆಯ ಮೇಲೆ: ಒತ್ತಾಗಿ ನಿಂತ ಸಣ್ಣ ಬೆಳಕಿನ ಪಟ್ಟಿಗಳು]

ನಮಸ್ಕಾರ. ಈ ಚಿತ್ರದಲ್ಲಿ ನಕ್ಷತ್ರವೂ ಇಲ್ಲ, ಗೆಲಾಕ್ಸಿಯೂ ಇಲ್ಲ. ಇದು ಫ್ಲ್ಯಾಟ್ ಫೀಲ್ಡ್: ಪಿಕ್ಸೆಲ್‌ಗಳು ಬೆಳಕನ್ನು ಎಷ್ಟು ಸಮನಾಗಿ ಎಣಿಸುತ್ತವೆ ಎಂದು ನೋಡಲು ತೆಗೆದ, ಬರಿಯ ದೀಪದ ಬೆಳಕಿನ ಚಿತ್ರ. ಆದರೂ ಕೆಲವು ಪಟ್ಟಿಗಳ ಅಂಚು ಮಂಕಾಗಿದೆ, ಕೆಲವು ಪಿಕ್ಸೆಲ್‌ಗಳು ನೆರೆಯವಕ್ಕಿಂತ ಕಡಿಮೆ ಎಣಿಸಿವೆ.

ಚಿಲಿಯ ಪರನಾಲ್ ಬೆಟ್ಟದ 8.2 ಮೀಟರ್ ದೂರದರ್ಶಕವೊಂದರಲ್ಲಿ 2014ರಿಂದ ಕೆಲಸ ಮಾಡುತ್ತಿರುವ ಮ್ಯೂಸ್, ಹುಣ್ಣಿಮೆ ಚಂದ್ರನ ಅಗಲದಲ್ಲಿ ಸುಮಾರು ಮೂವತ್ತನೇ ಒಂದರಷ್ಟು ಅಗಲದ ಆಕಾಶದ ಚೌಕವನ್ನು 24 ರೋಹಿತದರ್ಶಕಗಳಿಗೆ ಹಂಚುತ್ತದೆ. ಪ್ರತಿ ಪಾಲನ್ನೂ 48 ಪಟ್ಟಿಗಳಾಗಿ ಸೀಳಿ, ಒಂದೊಂದರ ಬೆಳಕನ್ನೂ ಬಣ್ಣಗಳಾಗಿ ಹರಡುತ್ತದೆ. ಒಟ್ಟು 1152 ಪಟ್ಟಿಗಳು, ಸುಮಾರು 90,000 ರೋಹಿತಗಳು. ಇಷ್ಟು ದಾರಿಗಳಲ್ಲಿ ಸಾಗುವ ಬೆಳಕು ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ತಲುಪುವುದು ಅಸಾಧ್ಯ.

ಒಂದೇ ಪಿಕ್ಸೆಲನ್ನು ಗಮನಿಸೋಣ. ದೀಪದ ಚಿತ್ರದ ಸರಾಸರಿ 20,000 ಎಣಿಕೆ ಇರುವಾಗ ಇದು 19,200 ತೋರಿಸಿದರೆ, ಅದರ ಗುಣಾಂಕ 0.96. ರಾತ್ರಿ ಅದೇ ಪಿಕ್ಸೆಲ್ 960 ತೋರಿಸಿದರೆ, 0.96ರಿಂದ ಭಾಗಿಸಿದಾಗ ನಿಜವಾದ 1000 ಸಿಗುತ್ತದೆ. ಗುಣಾಂಕವನ್ನು ತಪ್ಪಾಗಿ 0.97 ಎಂದುಕೊಂಡರೆ ಸುಮಾರು 990 ಬರುತ್ತದೆ. ಹತ್ತು ಎಣಿಕೆ ತಾನೇ ಎನ್ನಬೇಡಿ. ನಾವು ಹುಡುಕುವ ಮಸುಕು ಗೆಲಾಕ್ಸಿಯ ಬೆಳಕು ಆಕಾಶದ ಹೊಳಪಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಇರಬಹುದು.

ತೊಡಕಿರುವುದು ದೀಪದಲ್ಲೇ. ಅದರ ಬೆಳಕು ದೂರದರ್ಶಕದ ದೊಡ್ಡ ಕನ್ನಡಿಯಿಂದ ಬರುವುದಿಲ್ಲ, ಆಕಾಶದಷ್ಟು ಸಮವಾಗಿ ಹರಡುವುದೂ ಇಲ್ಲ. ಆದ್ದರಿಂದ ದೀಪದಿಂದ ಪಿಕ್ಸೆಲ್‌ಗಳ ನಡುವಿನ ಸಣ್ಣ ವ್ಯತ್ಯಾಸಗಳನ್ನು ತಿಳಿದು, ಇಡೀ ಚೌಕದ ಮೇಲಿನ ನಿಧಾನದ ಏರಿಳಿತವನ್ನು ಮುಸ್ಸಂಜೆಯ ಆಕಾಶದಿಂದ ಅಳೆಯುತ್ತಾರೆ. ಇಷ್ಟಾದರೂ ರಾತ್ರಿ ತಣ್ಣಗಾದಂತೆ ಉಪಕರಣ ಕೂದಲೆಳೆಯಷ್ಟು ಸರಿಯುತ್ತದೆ, ಪಟ್ಟಿಗಳ ಅಂಚಿನ ಬೆಳಕು ಬದಲಾಗುತ್ತದೆ. ಅದಕ್ಕಾಗಿ ವೀಕ್ಷಣೆಗಳ ನಡುನಡುವೆ ಮತ್ತೆ ದೀಪ ಹಚ್ಚಿ ಒಂದು ಪುಟ್ಟ ಚಿತ್ರ ತೆಗೆಯುವುದು ರೂಢಿ. ನನ್ನ ಮಟ್ಟಿಗೆ ಇಡೀ ಕ್ರಮದಲ್ಲಿ ಅತ್ಯಂತ ವಿವೇಕದ ಹೆಜ್ಜೆ ಇದೇ.

[ಪರದೆಯ ಮೇಲೆ: ತಿದ್ದಿದ ಚಿತ್ರದಲ್ಲಿ ಇನ್ನೂ ಉಳಿದಿರುವ ಚೌಕಳಿ]

ಉಳಿದ ಈ ಚೌಕಳಿಯನ್ನು ಅಳಿಸಲು ಆ ರಾತ್ರಿಯ ಆಕಾಶವನ್ನೇ ಅಳತೆಗೋಲಾಗಿಸುತ್ತಾರೆ: ಗೆಲಾಕ್ಸಿಗಳನ್ನು ಮರೆಮಾಚಿ, ಖಾಲಿ ಆಕಾಶದ ಹೊಳಪು 1152 ಪಟ್ಟಿಗಳಲ್ಲೂ ಒಂದೇ ಆಗುವಂತೆ ಪ್ರತಿ ಪಟ್ಟಿಯನ್ನೂ ಸರಿಹೊಂದಿಸುತ್ತಾರೆ. ಹತ್ತಿರದ ದೊಡ್ಡ ಗೆಲಾಕ್ಸಿಯೊಂದು ಚೌಕವನ್ನೆಲ್ಲ ತುಂಬಿಕೊಂಡಿದ್ದರೆ ಈ ಉಪಾಯ ನಡೆಯದು. ಖಾಲಿ ಆಕಾಶವೇ ಸಿಗದಿರುವಾಗ ಮತ್ತೆ ದೀಪವನ್ನೂ ಮುಸ್ಸಂಜೆಯನ್ನೂ ನಂಬಬೇಕಾಗುತ್ತದೆ.