ನಿಮ್ಮ ಮೂಗನ್ನೇ ಕೇಳಿ

ಎಲ್ಲ ಕೇಳುಗರಿಗೂ ನಮಸ್ಕಾರ. ಮಧ್ಯಾಹ್ನದ ಊಟ ಮುಗಿಸಿ ರೇಡಿಯೋ ಹಾಕಿಕೊಂಡು ಕೂತಿರುವ ಅಕ್ಕ-ತಂಗಿಯರಿಗೆ ಇವತ್ತು ನಾನು ಹೇಳುವುದು ಒಂದೇ ಮಾತು. ಸೆಂಟು ಕೊಳ್ಳಲು ಹೋದಾಗ 'ಲೇಡೀಸ್' ಅಂತ ಬರೆದ ಕಪಾಟಿನ ಮುಂದಷ್ಟೇ ನಿಲ್ಲಬೇಡಿ. ಪಕ್ಕದ 'ಜೆಂಟ್ಸ್' ಕಪಾಟಿಗೂ ಹೋಗಿ. ಅಲ್ಲಿ ಶ್ರೀಗಂಧ ಇದೆ, ದೇವದಾರು ಇದೆ, ಲಾವಂಚ ಇದೆ, ಅಗರು ಇದೆ. ಮೈಮೇಲೆ ಹಾಕಿಕೊಳ್ಳಿ, ಅರ್ಧ ಗಂಟೆ ಕಾಯಿರಿ, ಆಮೇಲೆ ನಿಮ್ಮ ಮೂಗನ್ನು ಕೇಳಿ. ಅಂಗಡಿಯವರನ್ನಲ್ಲ.

ಹೆಂಗಸರಿಗೆ ಹೂವಿನ ಘಮ, ಗಂಡಸರಿಗೆ ಮರದ ಘಮ. ಈ ಹಂಚಿಕೆ ಮಾಡಿದ್ದು ಯಾರು? ಮಾರುವವರು. ನಮ್ಮ ಮನೆಗಳಲ್ಲಿ ಹೀಗೆ ಇರಲೇ ಇಲ್ಲವಲ್ಲ! ಮದುವೆಮನೆ ಬಾಗಿಲಲ್ಲಿ ಬಂದವರಿಗೆ ಗಂಧ ಹಚ್ಚಿ ಪನ್ನೀರು ಚಿಮುಕಿಸುವವರು ಹೆಣ್ಣುಮಕ್ಕಳೇ. ಅರಿಶಿನ-ಕುಂಕುಮಕ್ಕೆ ಬಂದ ಮುತ್ತೈದೆಯ ಕೈಗೆ ಹಚ್ಚುವುದು ಅದೇ ಗಂಧ. ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಲಾವಂಚದ ಬೇರು ಇಡುತ್ತಿದ್ದವರು ನಮ್ಮ ಅಜ್ಜಿಯರು. ಅವರಿಗೆ ಯಾರೂ 'ಇದು ಜೆಂಟ್ಸ್' ಅನ್ನಲಿಲ್ಲ. ನಮಗೆ ಮಾತ್ರ ಯಾಕೆ ಅನ್ನಬೇಕು?

ನಾನು ಸುಗಂಧದ ಕೆಲಸದವಳು. ಎಣ್ಣೆಗಳನ್ನು ಬೆರೆಸುವುದು, ಮೂಸುವುದು, ಮತ್ತೆ ಬೆರೆಸುವುದು. ಆಗಾಗ ಹೆಂಗಸರ ಗುಂಪುಗಳಿಗೆ ಸೆಂಟಿನ ಬಗ್ಗೆ ಹೇಳಿಕೊಡಲೂ ಹೋಗುತ್ತೇನೆ. ಹಾಗೆ ಹೋದಾಗ ಹೆಸರು ಬರೆಯದ ಕಾಗದದ ಪಟ್ಟಿಗಳನ್ನು ಕೈಗೆ ಕೊಡುತ್ತೇನೆ. ಕಡ್ಡಿಯಷ್ಟು ಅಗಲದ ಬಿಳಿ ಪಟ್ಟಿ, ತುದಿಯಲ್ಲಿ ಒಂದು ತೊಟ್ಟು. ಯಾವುದು ಏನು ಅಂತ ಹೇಳುವುದಿಲ್ಲ.

ಒಂದು ಸಲ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಬಂದಿದ್ದರು. ನಿವೃತ್ತಿ ಹತ್ತಿರ ಇದ್ದವರು, ಇಸ್ತ್ರಿ ಮಾಡಿದ ಕಾಟನ್ ಸೀರೆ, ಮಾತು ಕಡಿಮೆ. ಮೊದಲ ಪಟ್ಟಿ ಮಲ್ಲಿಗೆ. ಮೂಸಿ ಕೆಳಗಿಟ್ಟರು. ಎರಡನೆಯದು ಗುಲಾಬಿ. ಅದನ್ನೂ ಇಟ್ಟರು. ಮೂರನೆಯದರಲ್ಲಿ ಹೂವೇ ಇರಲಿಲ್ಲ. ಲಾವಂಚ, ದೇವದಾರು, ತಳದಲ್ಲಿ ಶ್ರೀಗಂಧ, ಮೇಲೆ ಚೂರು ಕಾಳುಮೆಣಸು. ಅದನ್ನು ಮೂಸಿದವರು ಕೆಳಗಿಡಲಿಲ್ಲ. ಮತ್ತೆ ಮೂಸಿದರು. ಉಳಿದವರು ಏನೋ ಪ್ರಶ್ನೆ ಕೇಳುತ್ತಿದ್ದರು, ನಾನು ಉತ್ತರ ಹೇಳುತ್ತಿದ್ದೆ, ಇವರ ಗಮನ ಮಾತ್ರ ಆ ಪಟ್ಟಿಯ ಮೇಲೇ. ಕೊನೆಗೆ 'ಇದು ಯಾವ ಹೂವು ಮೇಡಂ?' ಅಂದರು. ಹೂವಲ್ಲ, ಮರ ಮತ್ತು ಬೇರು, ಅಂಗಡಿಯಲ್ಲಿ ಇಂಥದ್ದನ್ನು ಗಂಡಸರ ಕಪಾಟಿನಲ್ಲಿ ಇಟ್ಟಿರುತ್ತಾರೆ ಅಂದೆ. ತಕ್ಷಣ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಯಾರದೋ ವಸ್ತು ಮುಟ್ಟಿದವರ ಹಾಗೆ ಕೈ ಹಿಂದೆ ತೆಗೆದುಕೊಂಡರು.

ನನಗೆ ತುಂಬಾ ಬೇಜಾರಾಯಿತು. ಅಷ್ಟು ಹೊತ್ತು ಮೂಗು ಬೇಕು ಬೇಕು ಅಂದದ್ದನ್ನು ಒಂದು ಕಪಾಟಿನ ಹೆಸರು ಬೇಡ ಮಾಡಿಸಿಬಿಟ್ಟಿತಲ್ಲ! ನಾನು ಸುಮ್ಮನಿರಲಿಲ್ಲ. ಅದೇ ಮಿಶ್ರಣವನ್ನು ಅವರ ಮಣಿಕಟ್ಟಿಗೆ ಹಚ್ಚಿ, 'ಕಾಫಿ ಕುಡಿದು ಬನ್ನಿ, ಆಮೇಲೆ ಮಾತಾಡೋಣ' ಅಂದೆ. ಬಂದರು. ಅಷ್ಟರಲ್ಲಿ ಮೆಣಸಿನ ಖಾರ ಇಳಿದಿತ್ತು, ಗಂಧ ಮೇಲೆ ಬಂದಿತ್ತು. ಪಕ್ಕದಲ್ಲಿದ್ದ ಹುಡುಗಿ ಅವರ ಕೈ ಹಿಡಿದು ಮೂಸಿ, 'ಆಂಟಿ, ಎಷ್ಟು ಚೆನ್ನಾಗಿದೆ, ನಿಮಗೇ ಮಾಡಿದ ಹಾಗಿದೆ' ಅಂದಳು. ಅವರು ಹೊರಡುವಾಗ ಒಂದು ಸಣ್ಣ ಶೀಶೆ ಕೇಳಿ ತೆಗೆದುಕೊಂಡು ಹೋದರು.

ಇಲ್ಲಿ ಮಂತ್ರ ಏನೂ ಇಲ್ಲ, ಸರಳ ವಿಜ್ಞಾನ. ನಿಂಬೆ, ಕಿತ್ತಳೆಯಲ್ಲಿರುವ ಲಿಮೊನೀನ್ ಎಂಬ ಅಣುವಿನ ತೂಕ, ಅಣುಗಳನ್ನು ತೂಗುವ ಅಳತೆಯಲ್ಲಿ, 136. ಶ್ರೀಗಂಧದ ಸ್ಯಾಂಟಲಾಲ್‌ನದು 220. ಹಗುರವಾದದ್ದು ಬೇಗ ಹಾರಿಹೋಗುತ್ತದೆ, ಭಾರವಾದದ್ದು ಚರ್ಮದ ಮೇಲೆ ಕೂತುಬಿಡುತ್ತದೆ. ಬೆಳಗ್ಗೆ ಹಾಕಿಕೊಂಡ ಗಂಧದ ಘಮ ಸಂಜೆ ಬಸ್ಸಿನಲ್ಲೂ ಇರುವುದು ಅದಕ್ಕೇ. ಅಂಗಡಿಯಲ್ಲಿ ಮುಚ್ಚಳ ಮೂಸಿ 'ಸ್ಟ್ರಾಂಗ್ ಆಯ್ತು' ಅಂತ ಬಿಟ್ಟುಬಂದರೆ ನೀವು ಅದರ ಮೊದಲ ಐದು ನಿಮಿಷವನ್ನು ಮಾತ್ರ ನೋಡಿದ ಹಾಗೆ. ಅರ್ಧ ಗಂಟೆ ಕಾಯಿರಿ ಅಂತ ನಾನು ಜೀವ ತಿನ್ನುವುದು ಅದಕ್ಕೇ.

ಸೆಂಟಿನ ತವರಾದ ಫ್ರಾನ್ಸಿನಲ್ಲೂ ಇದೇ ಹೋರಾಟ ನಡೆದಿದೆ. ಸೆರ್ಜ್ ಲ್ಯೂಟೆನ್ಸ್ ಅಂತ ಒಬ್ಬರು. ಫೋಟೋ ತೆಗೆಯುತ್ತಿದ್ದವರು, ಮೇಕಪ್ ವಿನ್ಯಾಸ ಮಾಡುತ್ತಿದ್ದವರು. 1968ರಲ್ಲಿ ಮೊರಾಕ್ಕೊದ ಮರಾಕೆಶ್‌ಗೆ ಹೋದಾಗ ಬಡಗಿಗಳ ಅಂಗಡಿಯಲ್ಲಿ ಅವರ ಕೈಗೆ ಒಂದು ಸೀಡರ್ ಮರದ ತುಂಡು ಸಿಕ್ಕಿತು. ಅಟ್ಲಾಸ್ ಬೆಟ್ಟದ ಸೀಡರ್. ನಮ್ಮ ಹಿಮಾಲಯದ ದೇವದಾರುವಿಗೆ ಅದು ಹತ್ತಿರದ ಬಂಧು. ಆ ಘಮ ಅವರನ್ನು ಬಿಡಲೇ ಇಲ್ಲ. ಇಪ್ಪತ್ತು ವರ್ಷದ ಮೇಲೆ, ಜಪಾನಿನ ಶಿಸೈಡೊ ಕಂಪನಿಗೆ ಕೆಲಸ ಮಾಡುವಾಗ, ಈ ಮರವನ್ನೇ ನಡುವಿಗಿಟ್ಟು ಹೆಂಗಸರಿಗೆ ಸೆಂಟು ಬೇಕು ಅಂತ ಪಟ್ಟು ಹಿಡಿದರು. ಪಿಯೆರ್ ಬುರ್ದೋನ್, ಕ್ರಿಸ್ಟೋಫರ್ ಶೆಲ್ಡ್ರೇಕ್ ಎಂಬ ಇಬ್ಬರು ಸೆಂಟು ತಯಾರಕರು ಅದನ್ನು ಮಾಡಿಕೊಟ್ಟರು. ಸೀಡರ್ ಜೊತೆಗೆ ಪ್ಲಮ್ ಹಣ್ಣು, ವಯೊಲೆಟ್, ದಾಲ್ಚಿನ್ನಿ, ಲವಂಗ. 1992ರಲ್ಲಿ ಹೊರಬಂತು, ಹೆಸರು 'ಫೆಮಿನಿಟೆ ದ್ಯು ಬುವಾ', ಅಂದರೆ ಮರದ ಹೆಣ್ತನ. ಅದನ್ನು ಹಾಕಿಕೊಂಡರೆ ಮರ ಮರವಾಗಿಯೇ ಇರುತ್ತದೆ. ಒಣಗಿದ, ಆಗತಾನೇ ಚೀವಿದ ಪೆನ್ಸಿಲ್ಲಿನಂಥ ಘಮ. ಹಣ್ಣು ಅದರ ಪಕ್ಕದಲ್ಲಿ ನಿಲ್ಲುತ್ತದೆ, ಅದನ್ನು ಮುಚ್ಚುವುದಿಲ್ಲ. ಮರವನ್ನು ಸಿಹಿ ಮಾಡಿ ಹೆಂಗಸರಿಗೆ ಕೊಡೋಣ ಅನ್ನುವ ಅಂಜಿಕೆ ಅದರಲ್ಲಿ ಇಲ್ಲ. ನನಗೆ ಅದು ಇಷ್ಟ ಆಗುವುದು ಆ ಧೈರ್ಯಕ್ಕೆ.

ಅದಕ್ಕೂ ಮೊದಲು ಇಂಥವು ಬಂದಿದ್ದವು. 1926ರಲ್ಲಿ ಅರ್ನೆಸ್ಟ್ ಬೋ ಅನ್ನುವವರು ಶನೆಲ್ ಕಂಪನಿಗಾಗಿ ಶ್ರೀಗಂಧದ ಮೇಲೇ ಕಟ್ಟಿದ 'ಬುವಾ ದೆ ಝೀಲ್' ಹೆಂಗಸರದ್ದೇ. 1944ರ 'ಬಾಂಡಿ'ಯನ್ನು ಮಾಡಿದ್ದೇ ಒಬ್ಬ ಹೆಂಗಸು, ಜೆರ್ಮೇನ್ ಸೆಲಿಯೆ. ಲೆದರ್ ವಾಸನೆ, ಲಾವಂಚ, ಓಕ್ ಮರದ ಮೇಲೆ ಬೆಳೆಯುವ ಒಂದು ಜಾತಿಯ ಕಲ್ಲುಹೂವು, ಎಲ್ಲವನ್ನೂ ಎದ್ದು ಕಾಣುವ ಹಾಗೆ ಹಾಕಿದರು. 1989ರಲ್ಲಿ ಗೆರ್ಲಾನ್ ಕಂಪನಿ 'ಸಂಸಾರ' ಅನ್ನುವ ಸೆಂಟು ತಂದಿತು. ಅದರ ಜೀವಾಳ ಮಲ್ಲಿಗೆ ಮತ್ತು ನಮ್ಮ ಮೈಸೂರಿನ ಗಂಧ.

ಮೈಸೂರಿನ ಮಾತು ಬಂತು. ಮೊದಲ ಮಹಾಯುದ್ಧದಲ್ಲಿ ಗಂಧದ ಕೊರಡು ಯೂರೋಪಿಗೆ ಹೋಗುವುದು ನಿಂತಾಗ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1916ರಲ್ಲಿ ಸರ್ಕಾರವೇ ಎಣ್ಣೆ ತೆಗೆಯಲು ಶುರು ಮಾಡಿತು. ಜಗತ್ತಿನ ಸೆಂಟು ಮಾಡುವವರು 'ಮೈಸೂರು' ಅನ್ನುವ ಹೆಸರನ್ನೇ ಒಳ್ಳೆಯ ಗಂಧಕ್ಕೆ ಅಳತೆಗೋಲು ಮಾಡಿಕೊಂಡರು. ಪ್ಯಾರಿಸಿನ ಹೆಂಗಸರು ಹೆಮ್ಮೆಯಿಂದ ಹಾಕಿಕೊಂಡದ್ದನ್ನು ನಾವು 'ಅಯ್ಯೋ, ಇದು ಗಂಡಸರದು' ಅಂತ ವಾಪಸ್ ಇಡುತ್ತೇವೆ. ಇದು ನನಗೆ ಸಹಿಸಲು ಆಗುವುದಿಲ್ಲ.

ಸಮಯ ಆಗುತ್ತಾ ಬಂತು, ಹೇಗೆ ಹಾಕಬೇಕು ಅನ್ನುವುದನ್ನು ಬೇಗ ಬೇಗ ಹೇಳಿಬಿಡುತ್ತೇನೆ. ಸ್ನಾನ ಆದ ಮೇಲೆ, ಸೀರೆ ಉಡುವ ಮೊದಲು ಹಾಕಿ. ರೇಷ್ಮೆಯ ಮೇಲೆ ಎಣ್ಣೆ ಬಿದ್ದರೆ ಕಲೆ ಸುಲಭವಾಗಿ ಹೋಗುವುದಿಲ್ಲ. ಕುತ್ತಿಗೆಗೆ ಒಂದು ತೊಟ್ಟು, ಮಣಿಕಟ್ಟಿಗೆ ಒಂದು, ಸಾಕು. ನಿಜವಾದ ಗಂಧದೆಣ್ಣೆ ದುಬಾರಿ, ಯಾಕೆಂದರೆ ಘಮ ಇರುವುದು ಮರದ ಚೇಗಿನಲ್ಲಿ, ಅಂದರೆ ಒಳಗಿನ ಗಟ್ಟಿ ತಿರುಳಿನಲ್ಲಿ, ಮತ್ತು ಬೇರಿನಲ್ಲಿ, ಆ ಚೇಗು ಬಲಿಯಲು ಎಷ್ಟೋ ವರ್ಷ ಬೇಕು. ಕಡಿಮೆ ಬೆಲೆಯ ಬಾಟಲಿಯಲ್ಲಿ ಲ್ಯಾಬಿನಲ್ಲಿ ಮಾಡಿದ ಗಂಧ ಇರುತ್ತದೆ. ಅದರಲ್ಲಿ ತಪ್ಪೇನಿಲ್ಲ, ನಿಮ್ಮ ಮೂಗು ಒಪ್ಪಿದರೆ ಆಯಿತು.

ದೊಡ್ಡ ಬ್ರಾಂಡೇ ಬೇಕು ಅಂತಿಲ್ಲ. ನಿಮ್ಮೂರ ಪೇಟೆಯ ಅತ್ತರಿನ ಅಂಗಡಿಗೆ ಹೋಗಿ. ಲಾವಂಚ ಅಂದರೆ ಗೊತ್ತಾಗದಿದ್ದರೆ ಖಸ್ ಅನ್ನಿ, ಕೊಡುತ್ತಾರೆ. ಒಂದು ಕೈಗೆ ಖಸ್, ಇನ್ನೊಂದು ಕೈಗೆ ಗಂಧ ಹಚ್ಚಿಸಿಕೊಳ್ಳಿ. 'ಲೇಡೀಸ್‌ಗೆ ಬೇರೆ ಇದೆ ಮೇಡಂ' ಅಂದರೆ 'ಇರಲಿ' ಅನ್ನಿ. ತರಕಾರಿ ಕೊಂಡು, ಪೇಟೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಯಾವ ಕೈಯನ್ನು ಮತ್ತೆ ಮತ್ತೆ ಮೂಸುತ್ತಿದ್ದೀರಿ ನೋಡಿಕೊಳ್ಳಿ. ಆಮೇಲೆ ದುಡ್ಡು ಕೊಡಿ. ನಮಸ್ಕಾರ.